ಹನ್ನೆರಡು ಸಹಿ, ಒಂದೇ ತಾರೀಖು

ನನ್ನ ಸಂಗ್ರಹದಲ್ಲಿ ತಾರೀಖು ತಪ್ಪಾಗಿರುವ ದಾಖಲೆ ಒಂದೇ ಒಂದು. ಅದು ತಪ್ಪೆಂದು ನನಗೆ ಗೊತ್ತು, ಸರಿಯಾದದ್ದು ಯಾವುದೆಂಬುದೂ ಗೊತ್ತು. ಹಾಗಿದ್ದೂ ನಾನದನ್ನು ತಿದ್ದಿಲ್ಲ, ಅಂಚಿನಲ್ಲಿ ಟಿಪ್ಪಣಿಯನ್ನೂ ಬರೆದಿಲ್ಲ. ಗೆರೆ ಎಳೆದ ನೋಟ್‌ಬುಕ್ಕಿನ ಒಂದು ಹಾಳೆ ಅದು. ಅದರ ಮೇಲೆ ಹನ್ನೆರಡು ಸಹಿಗಳು, ಪ್ರತಿ ಸಹಿಯ ಪಕ್ಕದಲ್ಲೂ ‘ಜೂನ್ ೧’ ಎಂಬ ತಾರೀಖು, ಎಲ್ಲದರ ಕೆಳಗೆ ಯಾರೂ ಸಹಿ ಮಾಡದೆ ಬಿಟ್ಟಿದ್ದ ಒಂದು ಖಾಲಿ ಗೆರೆ. ಮೊನ್ನೆ ಕಪಾಟು ಒಪ್ಪ ಮಾಡುತ್ತಿದ್ದ ನನ್ನ ಹೆಂಡತಿಯ ಕೈಗೆ ಆ ಹಾಳೆ ಸಿಕ್ಕಿತು.

“ಏನ್ರೀ ಇದು? ಈ ವರ್ಷ ಜೂನ್ ಒಂದಕ್ಕ ನಾವು ಬೀದರಿನ್ಯಾಗ ನಮ್ಮ ಅಣ್ಣನ ಮಗಳ ಮದುವಿಯೊಳಗ ಇದ್ವಿ. ಈ ಹನ್ನೆರಡು ಮಂದಿ ಹೆಣ್ಮಕ್ಕಳು ನಿಮಗ ಅವತ್ತು ಎಲ್ಲಿ ಸಿಕ್ಕಿದ್ರು?”

ನಲವತ್ತು ವರ್ಷ ನನ್ನ ಜೊತೆ ಬಾಳಿದ ಮೇಲೆ ಆಕೆಗೂ ತಾಳೆ ನೋಡುವ ಚಟ ಅಂಟಿಕೊಂಡಿದೆ ಎಂಬುದಕ್ಕೆ ಇದಕ್ಕಿಂತ ಬಲವಾದ ಪುರಾವೆ ನನಗೆ ದೊರೆತಿರಲಿಲ್ಲ. ಆಕೆಗೆ ಹೇಳಿದ್ದನ್ನೇ ನಿಮಗೂ ಹೇಳುತ್ತೇನೆ. ಆ ಹನ್ನೆರಡು ಸಹಿಗಳಲ್ಲಿ ಒಂದು, ನನ್ನ ಕಾರಣದಿಂದಲೇ, ಆ ಹಾಳೆಯ ಮೇಲೆ ಇಲ್ಲದೆ ಹೋಗಬಹುದಿತ್ತು.

ನಾನು ಕಲ್ಲಿನ ಮೇಲಿನ ಬರಹಗಳನ್ನು ಓದಿ ಅವುಗಳ ಕಾಲ ನಿರ್ಣಯಿಸುವ ಕೆಲಸ ಮಾಡಿ ನಿವೃತ್ತನಾದವನು. ಹಿಂದಿನ ಒಬ್ಬ ಅರಸ ಒಂದು ತೋಟವನ್ನು ದಾನ ಕೊಟ್ಟದ್ದು ಸೋಮವಾರವೋ ಮಂಗಳವಾರವೋ ಎಂಬುದನ್ನು ಇತ್ಯರ್ಥಪಡಿಸಲು ಹನ್ನೊಂದು ವರ್ಷ ಹಿಡಿಯಿತು. ಮಂಗಳವಾರ ಎಂದು ಸಿದ್ಧವಾಯಿತು. ಅದರಿಂದ ಲೋಕದಲ್ಲಿ ಯಾರ ಊಟವೂ ಬೇಗನೆಯೂ ಆಗಲಿಲ್ಲ, ತಡವಾಗಿಯೂ ಆಗಲಿಲ್ಲ. ಪರಸ್ಪರ ಸಂಬಂಧವಿಲ್ಲದ ಎರಡು ಆಧಾರಗಳು ಒಂದೇ ಮಾತು ಹೇಳುವವರೆಗೆ ಯಾವ ತಾರೀಖನ್ನೂ ನಂಬಬಾರದೆಂಬುದು ನನ್ನ ನಿಯಮ. ಈ ನಿಯಮ ಕಚೇರಿಯಿಂದ ಮನೆಗೆ ಬಂದದ್ದು ಯಾವಾಗ ಎಂಬುದಕ್ಕೆ ಮಾತ್ರ ದಾಖಲೆಯಿಲ್ಲ. ಬಂಧುಗಳೊಬ್ಬರ ಲಗ್ನಪತ್ರಿಕೆಯಲ್ಲಿ ತಿಥಿಗೂ ವಾರಕ್ಕೂ ಹೊಂದಿಕೆಯಿಲ್ಲವೆಂದು ನಾನು ಒಮ್ಮೆ ತೋರಿಸಿಕೊಟ್ಟೆ. ಅಂದಿನಿಂದ ಆ ಮನೆಯವರ ಪತ್ರಿಕೆಗಳು ನನಗೆ ಮದುವೆ ಮುಗಿದ ಮೇಲೆ ತಲುಪುತ್ತವೆ.

ಆದರೆ ನನ್ನ ಮೊದಲ ಪ್ರೀತಿ ಕಲ್ಲಲ್ಲ, ಖೋ-ಖೋ. ಇದನ್ನು ಕೇಳಿದವರು ನನ್ನ ದೇಹವನ್ನು ಅಡಿಯಿಂದ ಮುಡಿಯವರೆಗೆ ಒಮ್ಮೆ ನೋಡಿ ಸುಮ್ಮನಾಗುತ್ತಾರೆ. ನೋಡಲಿ. ಸೇಡಂನ ಶಾಲೆಯಲ್ಲಿ ಓದುತ್ತಿದ್ದಾಗ ನಾನು ತಂಡದಲ್ಲಿದ್ದವನು. ಎಷ್ಟು ದಿನ ಇದ್ದೆ ಎಂಬುದು ಬೇರೆ ವಿಚಾರ. ಎರಡು ಕಂಬಗಳ ನಡುವೆ ಎಂಟು ಜನ ಸಾಲಾಗಿ, ಒಬ್ಬರು ಆ ಕಡೆಗೆ ಇನ್ನೊಬ್ಬರು ಈ ಕಡೆಗೆ ಮುಖ ಮಾಡಿ ಕುಕ್ಕರಗಾಲಿನಲ್ಲಿ ಕೂರಬೇಕು. ಬೆನ್ನಟ್ಟುವವನು ಹಿಂದಿನಿಂದ ಬಂದು ಬೆನ್ನು ತಟ್ಟಿ ‘ಖೋ’ ಎಂದೊಡನೆ ಕೂತವನು ಚಿಮ್ಮಿ ಎದ್ದು ಓಡಬೇಕು, ತಟ್ಟಿದವನು ಆ ಜಾಗದಲ್ಲಿ ಕೂರಬೇಕು. ನಮ್ಮ ಮೊದಲ ಪಂದ್ಯದಲ್ಲಿ ನನ್ನ ಬೆನ್ನಿಗೆ ಖೋ ಬಿದ್ದಾಗ ನಾನು ಎದುರಿನ ಕಂಬದ ನೆರಳು ಎಷ್ಟು ಗಂಟೆಯನ್ನು ತೋರಿಸುತ್ತಿದೆಯೆಂದು ಲೆಕ್ಕ ಹಾಕುತ್ತಿದ್ದೆ. ಎರಡನೆಯ ಸಲ ತಟ್ಟಿದರು. ಮೂರನೆಯ ಸಲ ತಟ್ಟಿದ್ದು ತಟ್ಟುವಿಕೆಯಾಗಿರಲಿಲ್ಲ. ಅಷ್ಟರಲ್ಲಿ ಎದುರಾಳಿ ನಮ್ಮ ಸಾಲಿನ ಇನ್ನೊಂದು ತುದಿಗೆ ಹೋಗಿ ನಿಂತು ನಗುತ್ತಿದ್ದ.

ದೈಹಿಕ ಶಿಕ್ಷಣದ ಮಾಸ್ತರರು ಕೋಪಿಸಿಕೊಳ್ಳಲಿಲ್ಲ. “ತಮ್ಮಾ, ನಿನಗ ಓಡಾಕ ಬರಂಗಿಲ್ಲ, ಖರೇ. ಆದ್ರ ಹೊತ್ತು ನೋಡಾಕ ಬರ್ತದ. ಬಾ, ಗಡಿಯಾರ ಹಿಡಿ,” ಎಂದು ತಮ್ಮ ಕೈಗಡಿಯಾರ ಬಿಚ್ಚಿ ನನ್ನ ಅಂಗೈಯಲ್ಲಿಟ್ಟರು. ಯಾರು ಎಷ್ಟು ನಿಮಿಷ ಔಟಾಗದೆ ನಿಂತರು ಎಂಬುದನ್ನು ಅಂದಿನಿಂದ ಬರೆಯುತ್ತ ಬಂದೆ. ತಾರೀಖು, ಊರು, ಆಟಗಾರರ ಹೆಸರು, ನಿಮಿಷ, ಸೆಕೆಂಡು. ಆಮೇಲೆ ಬದುಕಿನಲ್ಲಿ ಮಾಡಿದ್ದೆಲ್ಲ ಅದರ ವಿಸ್ತರಣೆಯೇ. ಅರಸರೂ ಒಂದು ಅರ್ಥದಲ್ಲಿ ಔಟಾಗುವವರೆಗೆ ನಿಂತವರೇ ತಾನೆ?

ನಿವೃತ್ತನಾಗಿ ಶಹಾಬಾದಿಗೆ ಬಂದು ನೆಲೆಸಿದ ಮೇಲೆ ನನಗೆ ಸಿಕ್ಕ ದೊಡ್ಡ ಸುಖವೆಂದರೆ ಮೇ ತಿಂಗಳ ಶಿಬಿರ. ಪಂದ್ಯಗಳ ಕಾಲ ಶುರುವಾಗುವುದಕ್ಕೆ ಮೊದಲು, ಶಾಲೆಗಳಿಗೆ ರಜೆಯಿರುವಾಗ, ಸೇಡಂ, ಚಿತ್ತಾಪುರ, ವಾಡಿ, ಚಿಂಚೋಳಿ ಕಡೆಯ ಹುಡುಗಿಯರು ಇಲ್ಲಿನ ಮೈದಾನವೊಂದರಲ್ಲಿ ಹದಿನೈದು ದಿನ ಕೂಡುತ್ತಾರೆ. ಇಪ್ಪತ್ತನಾಲ್ಕು ಮಂದಿ ಬರುತ್ತಾರೆ. ಕೊನೆಯ ಬೆಳಿಗ್ಗೆ ಕಿರಿಯರ ತಂಡಕ್ಕೆ ಹನ್ನೆರಡು ಹೆಸರು ಓದುತ್ತಾರೆ. ಪಂದ್ಯವನ್ನು ನೋಡುವವರು ಸಾವಿರ ಜನ ಇರಬಹುದು. ಶಿಬಿರವನ್ನು ನೋಡಲು ಬರುತ್ತಿದ್ದವರು ನಾನು, ಮತ್ತು ಬೇಲಿಯಾಚೆ ಒಂದು ಕಪ್ಪು ಎಮ್ಮೆ. ಎಮ್ಮೆ ದಿನವೂ ಬರುತ್ತಿರಲಿಲ್ಲ.

ಪಂದ್ಯಕ್ಕಿಂತ ಶಿಬಿರವೇ ಚೆಂದ ಎನ್ನುವವನು ನಾನು. ಪಂದ್ಯದಲ್ಲಿ ಆಟಗಾರ್ತಿ ತನಗೆ ಬರುವುದನ್ನು ಮಾತ್ರ ಮಾಡುತ್ತಾಳೆ. ಶಿಬಿರದಲ್ಲಿ ಬಾರದ್ದನ್ನು ಮಾಡುತ್ತಾಳೆ. ಬೀಳುತ್ತಾಳೆ, ಮೊಣಕೈಯ ಮಣ್ಣನ್ನು ಉಗುಳು ಹಚ್ಚಿ ಒರೆಸಿಕೊಳ್ಳುತ್ತಾಳೆ, ಮತ್ತೆ ಅದನ್ನೇ ಮಾಡುತ್ತಾಳೆ. ಏಳನೆಯ ದಿನವೋ ಎಂಟನೆಯ ದಿನವೋ ಒಂದು ಗಳಿಗೆಯಲ್ಲಿ ಅದು ಆಕೆಗೆ ಬಂದುಬಿಡುತ್ತದೆ. ಒಂದು ವಿದ್ಯೆ ಒಂದು ಮೈಯೊಳಗೆ ಇಳಿದ ಗಳಿಗೆಯನ್ನು ಕಣ್ಣಾರೆ ಕಂಡು, ಗಡಿಯಾರ ನೋಡಿ ಬರೆದಿಡುವ ಭಾಗ್ಯ ಯಾವ ಶಾಸನದಿಂದಲೂ ನನಗೆ ದಕ್ಕಿರಲಿಲ್ಲ.

ಮೈದಾನದಲ್ಲಿ ಮುಂಜಾನೆಯ ಮೊದಲ ಕೆಲಸ ಓಟವಲ್ಲ, ಕಲ್ಲು ಆರಿಸುವುದು. ನಮ್ಮೂರು ಫರ್ಸಿ ಕಲ್ಲಿನ ಊರು. ನೆಲಕ್ಕೆ ಹಾಸುವ ಆ ಚಪ್ಪಟೆ ಕಲ್ಲಿನ ಚೂರುಗಳು ಗಾಡಿಯಿಂದ, ಗಾಳಿಯಿಂದ, ಯಾರದೋ ಚಪ್ಪಲಿಯಿಂದ ಬಂದು ಮೈದಾನದಲ್ಲಿ ಬಿದ್ದಿರುತ್ತವೆ. ಒಂದೊಂದರ ಅಂಚೂ ಚಾಕುವಿನಂತಿರುತ್ತದೆ. ಹುಡುಗಿಯರು ಒಬ್ಬರಿಗೊಬ್ಬರು ಒಂದು ತೋಳಿನಷ್ಟು ಅಂತರ ಬಿಟ್ಟು, ಸೊಂಟ ಬಗ್ಗಿಸಿ, ಈ ಕಂಬದಿಂದ ಆ ಕಂಬದವರೆಗೆ ಒಂದೇ ಸಾಲಾಗಿ ನಡೆಯುತ್ತ ಚೂರುಗಳನ್ನು ಆರಿಸಿ ಓಢಣಿಯ ಸೆರಗಿಗೆ ಹಾಕಿಕೊಳ್ಳುತ್ತಾರೆ. ಮೊದಲ ದಿನ ಇದನ್ನು ಕಂಡಾಗ ನಾನು ಎದ್ದುನಿಂತೆ. ಮಳಖೇಡದ ಕೋಟೆಯ ಸುತ್ತಿನ ಹೊಲಗಳಲ್ಲಿ ಮಡಕೆಚೂರುಗಳಿಗಾಗಿ ನಾವು ನಡೆಯುತ್ತಿದ್ದದ್ದು ಹೀಗೆಯೇ. ಇದೇ ಸಾಲು, ಇದೇ ಅಂತರ, ಇದೇ ಬಾಗಿದ ಬೆನ್ನು. ಕೇಳದೆಯೇ ಹೋಗಿ ಸಾಲಿನ ಕೊನೆಯಲ್ಲಿ ಸೇರಿಕೊಂಡೆ.

“ಸರ, ನೀವ್ಯಾಕ್ರಿ? ಕುಂದ್ರಿ. ನಡಾ ಹಿಡಕೊಂಡ್ರ ನಾವೇ ಎತ್ತಬೇಕಾಗ್ತದ,” ಎಂದಳು ಪಕ್ಕದ ಹುಡುಗಿ. ವಾಡಿಯ ರೇಷ್ಮಾ ಆಕೆ. ಕಾಲಿಗಿಂತ ಬಾಯಿ ಚುರುಕು, ಕಾಲೇನೂ ಕಡಿಮೆಯಿರಲಿಲ್ಲ.

“ನಾ ಮೂವತ್ತು ವರ್ಷ ಇದೇ ಕೆಲಸ ಮಾಡೀನವ್ವಾ.”

“ಕಲ್ಲು ಆರಸೋದಾ? ಅದಕ್ಕ ನೌಕರಿ ಕೊಡ್ತಾರೇನ್ರಿ!” ಎಂದು ಆಕೆ ಇಡೀ ಸಾಲಿಗೆ ಕೇಳುವಂತೆ ಕೂಗಿದಳು. ನನ್ನ ವೃತ್ತಿಯ ಬಗ್ಗೆ ಇದಕ್ಕಿಂತ ಸಂಕ್ಷಿಪ್ತವಾದ ವಿಮರ್ಶೆಯನ್ನು ನಾನು ಓದಿಲ್ಲ.

ಈಗ ಭಾಗಮ್ಮನ ಬಗ್ಗೆ ಹೇಳಬೇಕು. ಚಿತ್ತಾಪುರ ತಾಲೂಕಿನ ದಂಡೋತಿಯವಳು, ಕಾಗಿಣಾ ನದಿಯ ದಂಡೆಯ ಮೇಲಿನ ಊರು. ಮಾತು ಕಡಿಮೆ, ಜಡೆ ಉದ್ದ. ಆಟಕ್ಕೆ ಮುಂಚೆ ಆ ಜಡೆಯನ್ನು ಸುತ್ತಿ ಗಂಟು ಹಾಕಿಕೊಳ್ಳುವುದಕ್ಕೇ ಎರಡು ನಿಮಿಷ ಬೇಕು. ಹಿಂದಿನ ಚಳಿಗಾಲದಲ್ಲಿ ಚಿಂಚೋಳಿಯ ಪಂದ್ಯವೊಂದರಲ್ಲಿ ಆಕೆಯನ್ನು ಮೊದಲು ನೋಡಿದ್ದೆ. ಓಡುವುದರಲ್ಲಿ ಆಕೆಗಿಂತ ವೇಗದವರು ಮೂವರಿದ್ದರು. ಆದರೆ ಕಂಬದ ಬಳಿ ಆಕೆ ಮಾಡುತ್ತಿದ್ದುದನ್ನು ಬೇರೆ ಯಾರೂ ಮಾಡುತ್ತಿರಲಿಲ್ಲ. ಓಡಿ ಬಂದ ವೇಗದಲ್ಲೇ ಎಡಗೈಯಿಂದ ಕಂಬವನ್ನು ಹಿಡಿದು, ಕಾಲು ನೆಲ ಬಿಟ್ಟು, ಇಡೀ ಮೈಯನ್ನು ಆಚೆಗೆ ಚೆಲ್ಲಿ, ತಪ್ಪಿಸಿಕೊಂಡೆನೆಂದು ತಿರುಗಿ ನಗಲಿದ್ದವಳ ಹಿಮ್ಮಡಿಯನ್ನು ಬಲಗೈಯ ಬೆರಳ ತುದಿಯಿಂದ ಮುಟ್ಟುವುದು. ಮುಟ್ಟಿದ ಸದ್ದೂ ಆಗುತ್ತಿರಲಿಲ್ಲ. ಮುಟ್ಟಿಸಿಕೊಂಡವಳು ಎರಡು ಹೆಜ್ಜೆ ಹೆಚ್ಚಿಗೆ ಓಡಿದ ಮೇಲೆಯೇ ಆಕೆಗೆ ವಿಷಯ ತಿಳಿಯುತ್ತಿತ್ತು.

ಇಂಥ ಆಟಗಾರ್ತಿಯರ ಬಗ್ಗೆ ಸರಿಯಾದ ದಾಖಲೆ ಇರಬೇಡವೇ? ಹದಿಮೂರನೆಯ ದಿನ, ಅಭ್ಯಾಸ ಮುಗಿದು ಅವರು ಬೇವಿನ ನೆರಳಿನಲ್ಲಿ ನೆನೆಸಿದ ಶೇಂಗಾ ತಿನ್ನುತ್ತಿದ್ದಾಗ, ನಾನು ನೋಟ್‌ಬುಕ್ಕು ತೆಗೆದು ಒಬ್ಬೊಬ್ಬರ ವಿವರ ಕೇಳತೊಡಗಿದೆ. ಹುಟ್ಟಿದ ತಾರೀಖಿಲ್ಲದ ಆಟಗಾರ್ತಿಯ ದಾಖಲೆ, ಮೊದಲ ಸಾಲು ಒಡೆದುಹೋದ ಶಾಸನದಂತೆ; ಅದನ್ನು ಹಾಗೆಯೇ ಬಿಡುವುದು ನನ್ನಿಂದಾಗದು.

“ಹೆಸರು?”

“ರೇಷ್ಮಾ ರೀ. ಊರು ವಾಡಿ, ಮನಿ ಸ್ಟೇಷನ್ ಹಿಂದ.”

“ಹುಟ್ಟಿದ ತಾರೀಖು?”

“ಜೂನ್ ಒಂದ್ರಿ.”

ಆಮೇಲಿನವಳು ಕಾಳಗಿಯವಳು, ಆಕೆಯದೂ ಜೂನ್ ಒಂದು. ಚಿಂಚೋಳಿಯ ಇಬ್ಬರದೂ ಅದೇ. ಹನ್ನೊಂದು ಮಂದಿಯನ್ನು ಕೇಳುವಷ್ಟರಲ್ಲಿ ಒಂಬತ್ತು ಜೂನ್ ಒಂದುಗಳು ಸಾಲಾಗಿ ನಿಂತಿದ್ದವು.

“ಅಲ್ಲವ್ವಾ, ಎಲ್ಲಾರೂ ಒಂದೇ ದಿನ ಹ್ಯಾಂಗ ಹುಟ್ಟಿದ್ರಿ?”

“ಅವತ್ತು ದೇವರು ಒಂದೇ ಟೆಂಪೋ ತುಂಬಿ ಕಳಿಸ್ಯಾನ್ರಿ,” ಎಂದಳು ರೇಷ್ಮಾ.

ಇದರ ಹಿನ್ನೆಲೆ ನಿಮಗೆ ಗೊತ್ತಿದ್ದೀತು. ಶಾಲೆಗೆ ಸೇರಿಸಲು ಮಗುವನ್ನು ಕರೆತಂದಾಗ ಮಾಸ್ತರರು ತಾರೀಖು ಕೇಳುತ್ತಾರೆ, ಮನೆಯವರು ಮಳೆಯ ಹೆಸರನ್ನೋ ಬೆಳೆಯ ಹೆಸರನ್ನೋ ಹೇಳುತ್ತಾರೆ. ಮಗುವಿನ ಬಲಗೈಯನ್ನು ನೆತ್ತಿಯ ಮೇಲಿಂದ ತಂದು ಎಡಗಿವಿ ಮುಟ್ಟಿಸುತ್ತಾರೆ. ಮುಟ್ಟಿದರೆ ವಯಸ್ಸಾಯಿತೆಂದು ಅರ್ಥ. ಶಾಲೆ ಶುರುವಾಗುವ ತಿಂಗಳಿನ ಮೊದಲ ದಿನವೇ ಆ ಮಗುವಿನ ಜನ್ಮದಿನವಾಗಿ ರಿಜಿಸ್ಟರಿನಲ್ಲಿ ಕೂರುತ್ತದೆ. ಈ ಪದ್ಧತಿಯ ಬಗ್ಗೆ ನನಗೆ ಒಳಗಿನ ಮಾಹಿತಿ ಇದೆ. ಅದನ್ನು ಆಮೇಲೆ ಹೇಳುತ್ತೇನೆ.

ಒಂಬತ್ತು ತಾರೀಖುಗಳ ಮುಂದೆಯೂ ನಾನು ಪೆನ್ಸಿಲಿನಿಂದ ಪ್ರಶ್ನೆಯ ಗುರುತು ಹಾಕಿದೆ. ನಮ್ಮ ಶಾಸ್ತ್ರದಲ್ಲಿ ಅದು ಆರೋಪವಲ್ಲ. ಎರಡನೆಯ ಆಧಾರ ಇನ್ನೂ ದೊರೆತಿಲ್ಲವೆಂಬ ವಿನಯದ ಸೂಚನೆ. ಹತ್ತನೆಯ ಜೂನ್ ಒಂದು ಭಾಗಮ್ಮನದು. ಆಕೆ ಅದನ್ನು ಬಹಳ ಬೇಗ ಹೇಳಿದಳು. ನನ್ನ ಮೆಚ್ಚಿನ ಆಟಗಾರ್ತಿ ಎಂಬ ಸಲಿಗೆಯಿಂದ ನಾನು ಒಂದು ಹೆಜ್ಜೆ ಮುಂದೆ ಹೋಗಿ, “ಖರೇ ತಾರೀಖು ಯಾವುದವ್ವಾ?” ಎಂದು ಕೇಳಿದೆ. ಆಕೆ ತನ್ನ ಹೆಸರಿನ ಮುಂದೆ ನನ್ನ ಪೆನ್ಸಿಲ್ ಆ ಕೊಕ್ಕೆಯನ್ನು ಬರೆಯುವುದನ್ನು ನೋಡಿದಳು. ಕೈಯಲ್ಲಿದ್ದ ಶೇಂಗಾವನ್ನು ಪಕ್ಕದವಳಿಗೆ ಕೊಟ್ಟು ಎದ್ದುಹೋದಳು. ಉಳಿದ ಹುಡುಗಿಯರೂ ಒಬ್ಬೊಬ್ಬರಾಗಿ ಶೇಂಗಾ ಬಿಟ್ಟು ಎದ್ದದ್ದನ್ನು ನಾನು ಗಮನಿಸಿದೆ. ಬಿಸಿಲೇರಿತು, ದಣಿದಿದ್ದಾರೆ ಎಂದು ಅರ್ಥೈಸಿದೆ. ಮೂವತ್ತು ವರ್ಷ ಸವೆದ ಅಕ್ಷರಗಳನ್ನು ಓದಿದವನ ಓದು ಇಷ್ಟು.

ಮರುದಿನ ಕಲ್ಲು ಆರಿಸುವ ಸಾಲಿನಲ್ಲಿ ಒಂದು ತೋಳಿನ ಬದಲು ಎರಡು ತೋಳಿನಷ್ಟು ಅಂತರವಿತ್ತು. ಭಾಗಮ್ಮ ಬಂದಿರಲಿಲ್ಲ. ಪಕ್ಕದಲ್ಲಿದ್ದ ರೇಷ್ಮಾ ನನ್ನ ಸೊಂಟದ ಬಗ್ಗೆ ಏನೂ ಹೇಳಲಿಲ್ಲ. ಅದೇ ನನಗೆ ಹೆಚ್ಚು ನೋವು ಕೊಟ್ಟಿತು.

ಶಿಬಿರ ನಡೆಸುತ್ತಿದ್ದ ಶಕುಂತಲಾ ಮೇಡಂ ಚಿತ್ತಾಪುರದ ಕಡೆಯ ಶಾಲೆಯೊಂದರ ದೈಹಿಕ ಶಿಕ್ಷಕಿ. ಕೊರಳಲ್ಲಿ ಸೀಟಿ ಇರುತ್ತದೆ, ಊದುವ ಅಗತ್ಯ ಬೀಳುವುದಿಲ್ಲ. ಅಂದು ಅವರು ನನ್ನ ಬಳಿ ಬಂದು ದನಿ ತಗ್ಗಿಸಿ ಮಾತಾಡಿದರು.

“ಸರ, ಮೊನ್ನಿತನಾ ಹುಡುಗ್ಯಾರು ನಿಮ್ಮನ್ನ ಆಟದ ಹುಚ್ಚಿನವರು ಅಂತ ತಿಳದಿದ್ರು. ನಿನ್ನಿಯಿಂದ ವಯಸ್ಸಿನ ತಪಾಸಕ್ಕ ಬಂದ ಸಾಹೇಬ್ರು ಅಂತ ತಿಳದಾರ. ಹೋದ ವರ್ಷ ಇಂಥದ್ದೇ ಬುಕ್ ಹಿಡಕೊಂಡು ಒಬ್ಬರು ಬಂದಿದ್ರು. ಹಿಂಗೇ ನಕ್ಕೋತ ತಾರೀಖು ಕೇಳಿದ್ರು, ಮರದಿನ ಇಬ್ಬರು ಹುಡುಗ್ಯಾರ್ನ ಮನಿಗಿ ಕಳಿಸಿದ್ರು.”

“ಭಾಗಮ್ಮ ಎಲ್ಲಿ?”

“ನಿನ್ನಿ ಸಂಜಿ ಬಸ್ಸಿಗಿ ಊರಿಗಿ ಹೋಗ್ಯಾಳ. ನಾಳಿ ಕಡೀ ದಿನ, ಆಯ್ಕಿ ಅದ. ಮುಂಜಾನಿ ಆಕಿ ಮೈದಾನದಾಗ ಇರ್ಲಿಲ್ಲಂದ್ರ ನಾ ಹೆಸರು ಬರಿಯಾಕ ಬರಂಗಿಲ್ಲ. ಮುಂದಿನ ವರ್ಷ ಕಿರಿಯರ ತಂಡದ ವಯಸ್ಸು ದಾಟ್ತದ. ಇದು ಆಕಿಗಿ ಕಡೀ ಅವಕಾಶ ರೀ.”

“ಫೋನ್ ಮಾಡಿ ಹೇಳ್ರಿ ಮೇಡಂ, ನಾನು ಯಾವ ಸಾಹೇಬನೂ ಅಲ್ಲ ಅಂತ.”

“ನಾಕು ಸಲ ಮಾಡೀನಿ. ಆಯಿ ಎತ್ತಿ ‘ಪೋರಿ ಊರಾಗಿಲ್ಲ’ ಅಂತಾಳ. ಹಿಂದ ಪೋರಿ ಕೆಮ್ಮಿದ್ದು ಕೇಳಸ್ತದ. ನಾ ಇಪ್ಪತ್ಮೂರು ಮಂದಿನ ಬಿಟ್ಟು ಹೋಗಾಕ ಬರಂಗಿಲ್ಲ.” ಅವರು ನನ್ನ ಬೆನ್ನು ತಟ್ಟಿದರು. “ಖೋ ನಿಮಗ ಬಿದ್ದದ. ಎದ್ದೇಳ್ರಿ ಸರ.”

ಸೇಡಂನ ಮೈದಾನದಲ್ಲಿ ಮೂರು ಸಲ ತಟ್ಟಿಸಿಕೊಂಡವನು ಈ ಸಲ ಒಂದೇ ತಟ್ಟಿಗೆ ಎದ್ದೆ. ಚಿತ್ತಾಪುರಕ್ಕೆ ಹೋಗಿ, ಅಲ್ಲಿ ಇನ್ನೊಂದು ಬಸ್ಸು ಹಿಡಿದು ದಂಡೋತಿಯಲ್ಲಿ ಇಳಿದಾಗ ಹನ್ನೆರಡು ಗಂಟೆ ಹತ್ತು ನಿಮಿಷ. ಬಿಸಿಲಿಗೆ ಹೊಳೆಯ ಕಲ್ಲುಗಳು ಬೆಳ್ಳಗೆ ಕಾಣುತ್ತಿದ್ದವು. ಮನೆ ಹುಡುಕುವುದು ಕಷ್ಟವಾಗಲಿಲ್ಲ. ‘ಖೋ-ಖೋ ಭಾಗಮ್ಮನ ಮನಿ’ ಎಂದರೆ ಸಾಕಾಯಿತು.

ಹೊಸ್ತಿಲ ಬಳಿ ಆಕೆಯ ಅಜ್ಜಿ, ಫೋನ್ ಎತ್ತುತ್ತಿದ್ದ ಆಯಿ, ಮೊರದಲ್ಲಿ ತೊಗರಿ ಹಸನು ಮಾಡುತ್ತ ಕೂತಿದ್ದರು. ನನ್ನ ಬಗಲಿನ ನೋಟ್‌ಬುಕ್ಕನ್ನು ಮೊದಲು ನೋಡಿದರು, ನನ್ನನ್ನು ಆಮೇಲೆ.

“ಭಾಗಮ್ಮ ಇಲ್ರಿ. ಕಲಬುರ್ಗಿಗಿ ಹೋಗ್ಯಾಳ.”

“ಆಕಿ ಬೂಟು ಇಲ್ಲೇ ಅದಾವಲ್ಲವ್ವಾ?”

“ಚಪ್ಪಲಿ ಹಾಕ್ಕೊಂಡು ಹೋಗ್ಯಾಳ.” ಕೈ ಮಾತ್ರ ಮೊರವನ್ನು ನಿಲ್ಲಿಸಲಿಲ್ಲ. “ನೀವು ವಯಸ್ಸಿನ ಸಾಹೇಬ್ರಲ್ಲೇನು?”

“ಅಲ್ಲವ್ವಾ. ನಾನು ಆಟ ನೋಡಾಂವ.”

“ನೋಡಿ ಏನ್ ಮಾಡ್ತೀರಿ?”

“ಬರಕೋತೀನಿ.”

“ಬರದು?”

ಮೂವತ್ತು ವರ್ಷದ ನೌಕರಿಯಲ್ಲಿ ಆ ಪ್ರಶ್ನೆಯನ್ನು ಯಾರೂ ನನ್ನನ್ನು ಕೇಳಿರಲಿಲ್ಲ. ಬೇರೆ ದಾರಿ ಕಾಣದೆ ಅಲ್ಲೇ ಕಟ್ಟೆಯ ಮೇಲೆ ಕೂತು, ಹಳೆಯ ಪುಟ ತೆರೆದು ಗಟ್ಟಿಯಾಗಿ ಓದತೊಡಗಿದೆ. “ಚಿಂಚೋಳಿ. ಎರಡನೆಯ ಸರದಿ. ಭಾಗಮ್ಮ, ದಂಡೋತಿ. ಎಡಗಾಲಿನ ಬೂಟಿನ ದಾರ ಬಿಚ್ಚಿತ್ತು; ಕಟ್ಟಿಕೊಳ್ಳಲು ನಿಲ್ಲಲಿಲ್ಲ. ಮೂವರು ಬೆನ್ನಟ್ಟಿದರು. ಔಟಾಗದೆ ನಿಂತದ್ದು ಮೂರು ನಿಮಿಷ ಹತ್ತು ಸೆಕೆಂಡು.”

“ಇಪ್ಪತ್ತು!” ಎಂಬ ಕೂಗು ಒಳಗಿನಿಂದ ಬಂತು. “ಮೂರು ನಿಮಿಷ ಇಪ್ಪತ್ತು ಸೆಕೆಂಡು!”

ಅಜ್ಜಿ ಮೊರವನ್ನು ಕೆಳಗಿಟ್ಟರು. “ಕಲಬುರ್ಗಿಯಿಂದ ಬಂದಳು ನೋಡ್ರಿ,” ಎಂದರು.

ಬಾಗಿಲ ಪರದೆ ಸರಿಸಿ ಭಾಗಮ್ಮ ಹೊರಗೆ ಬಂದಳು. ಕಣ್ಣು ಊದಿದ್ದವು, ಆದರೆ ಕಣ್ಣಲ್ಲಿದ್ದದ್ದು ಕೋಪ.

“ನನ್ನ ಗಡಿಯಾರ ಹತ್ತು ಅಂತದವ್ವಾ.”

“ನಿಮ್ಮ ಗಡಿಯಾರ ತಡಾ ಶುರು ಆಗಿರಬೇಕ್ರಿ. ಅಂಪೈರ್ ಮೇಜಿನ ಕಾಗದದಾಗ ಇಪ್ಪತ್ತು ಬರದಾರ. ನಾ ಹೋಗಿ ನೋಡೀನಿ, ಮೇಡಂನೂ ನೋಡ್ಯಾರ.”

ಎರಡು ಆಧಾರಗಳು! ಪರಸ್ಪರ ಸಂಬಂಧವಿಲ್ಲದವು ಎನ್ನಲಾಗದಿದ್ದರೂ ತಕ್ಕಮಟ್ಟಿಗೆ ಒಪ್ಪಬಹುದಾದ ಎರಡು ಆಧಾರಗಳು. ನಾನು ಅಲ್ಲಿಯೇ ‘ಹತ್ತು’ ಎಂಬುದನ್ನು ಹೊಡೆದು ‘ಇಪ್ಪತ್ತು’ ಎಂದು ಬರೆದು, ಪಕ್ಕದಲ್ಲಿ ‘ಆಟಗಾರ್ತಿ ತಿದ್ದಿದ್ದು’ ಎಂದು ಸೇರಿಸಿದೆ. ಆಕೆ ಬಗ್ಗಿ ಓದಿದಳು. ಹಿಂದಿನ ಪುಟ ತಿರುವಿದಳು, ಅದರ ಹಿಂದಿನದನ್ನೂ. ಎಲ್ಲೆಲ್ಲೂ ನಿಮಿಷಗಳು, ಬೂಟಿನ ದಾರಗಳು, ಕಂಬಗಳು. ತಪಾಸಣೆಗೆ ಬಂದ ಯಾವ ಅಧಿಕಾರಿಯೂ ಇಷ್ಟು ನಿರುಪಯುಕ್ತ ವಿವರಗಳನ್ನು ಬರೆದುಕೊಳ್ಳುವುದಿಲ್ಲವೆಂದು ಆಕೆಗೆ ಮನವರಿಕೆಯಾಗತೊಡಗಿದ್ದು ಮುಖದಲ್ಲಿ ಕಾಣಿಸಿತು. ಕೊನೆಗೆ ಪ್ರಶ್ನೆಯ ಗುರುತಿನ ಪುಟಕ್ಕೆ ಬಂದಳು.

“ಮತ್ತ ಇದು ಯಾಕ ಹಾಕಿದ್ರಿ?”

“ಅದು ನನ್ನ ರೋಗ ಭಾಗಮ್ಮ. ಅರಸರ ಹೆಸರಿನ ಮುಂದೂ ಹಾಕೀನಿ.”

ಆಕೆ ನಗಲಿಲ್ಲ. “ಜೂನ್ ಒಂದು ಸುಳ್ಳು ಅಂತ ನನಗ ಗೊತ್ತದರಿ. ಯಾವ ಕಡಿ ಸುಳ್ಳು ಅಂತ ಗೊತ್ತಿಲ್ಲ. ವಯಸ್ಸು ಹೆಚ್ಚಿದ್ದು ಕಡಿಮಿ ಬರಸ್ಯಾರಂದ್ರ? ಆಡಿ ಗೆದ್ದ ಮ್ಯಾಲ ಎಲ್ಲಾರ ಮುಂದ ತೆಗದು ಹಾಕಿದ್ರಂದ್ರ, ನನ್ನ ಸಂಗಾಟ ಇಡೀ ಟೀಮೇ ಹೋಗ್ತದ. ಅದಕ್ಕ ನಾನೇ ಬಿಟ್ಟು ಬಂದೀನಿ.”

ಹದಿನೇಳರ ಹುಡುಗಿ ಓಡಿಬಂದದ್ದು ಹೆದರಿಕೆಯಿಂದ ಎಂದುಕೊಂಡಿದ್ದೆ. ಹನ್ನೊಂದು ಮಂದಿಯನ್ನು ಉಳಿಸುವುದಕ್ಕಾಗಿ ಆಕೆ ತಾನೇ ತನ್ನನ್ನು ಔಟು ಮಾಡಿಕೊಂಡಿದ್ದಳು.

“ಏ ಹುಚ್ಚಿ, ನನ್ನ ಕೇಳಬಾರದೇನು?” ಎಂದರು ಅಜ್ಜಿ. “ನೀ ಹುಟ್ಟಿದಾಗ ಅಂಗಳದಾಗ ಇದೇ ತೊಗರಿ ರಾಶಿ ನಡದಿತ್ತು. ನಿಮ್ಮಕ್ಕ ಸಾಲಿಗಿ ಹೊಂಟಾಗ ನಾನೂ ಹೋಗ್ತೀನಂತ ನೆಲದ ಮ್ಯಾಲ ಉಳ್ಳ್ಯಾಡಿ ಅತ್ತಿ. ನಿನ್ನ ಕೈ ಕಿವಿಗಿ ಮುಟ್ಟಲಿಲ್ಲ. ಮಾಸ್ತರ್ರೇ ತಲಿ ಜರಾ ಬಗ್ಗಿಸಿ ಮುಟ್ಟಿಸಿದ್ರು. ಹಿಂದಿನ ಜೂನ್ ಹಾಕ್ತೀನಿ, ಇಲ್ಲಂದ್ರ ಕೂಡಂಗಿಲ್ಲ ಅಂದ್ರು.”

ತೊಗರಿ ರಾಶಿಯೆಂದರೆ ಡಿಸೆಂಬರ್ ಕೊನೆ, ಇಲ್ಲವೇ ಜನವರಿ. ಅದಕ್ಕೆ ಹಿಂದಿನ ಜೂನ್ ಒಂದು ಎಂದರೆ ಕಾಗದ ಆಕೆಯನ್ನು ಏಳೆಂಟು ತಿಂಗಳು ದೊಡ್ಡವಳನ್ನಾಗಿ ಮಾಡಿತ್ತು. ಹನ್ನೊಂದು ವರ್ಷ ಹಿಡಿಯದ, ಬೆರಳೆಣಿಕೆಯ ಲೆಕ್ಕ.

“ಕೇಳು ಭಾಗಮ್ಮ. ನೀನು ಯಾರಿಗೂ ಮೋಸ ಮಾಡಿಲ್ಲ. ಕಾಗದಾನೇ ನಿನಗ ಏಳು ತಿಂಗಳು ಮೋಸ ಮಾಡ್ಯದ. ಆ ಕಾಗದದ ಪ್ರಕಾರಾನೂ ಈ ವರ್ಷ ನಿನಗ ಆಡಾಕ ಬರ್ತದ.” ಇಷ್ಟಕ್ಕೆ ನಿಲ್ಲಿಸಬೇಕಿತ್ತು. ಆದರೆ ಚಟ ಬಿಡಬೇಕಲ್ಲ! “ಇದಕ್ಕ ಎರಡನೇ ಆಧಾರ ಏನರ ಅದ ಏನವ್ವಾ?” ಎಂದು ಅಜ್ಜಿಯನ್ನು ಕೇಳಿಬಿಟ್ಟೆ.

“ಅದರೀ. ಹೆತ್ತಾಕಿ ಉದ್ಯೋಗ ಖಾತ್ರಿ ಕೆಲಸಕ್ಕ ಹೋಗ್ಯಾಳ, ಒಂದು ತಾಸಿಗಿ ಬರ್ತಾಳ. ಆಕಿಗಿ ಕೇ‌ಳ್ರಿ. ಹಡೆಯೂಮುಂದ ಆಕೀನೂ ಅಲ್ಲೇ ಇದ್ದಳು.”

ಆಗ ಭಾಗಮ್ಮ ನಕ್ಕಳು. ನಾನೂ ಬಚ್ಚಿಟ್ಟುಕೊಂಡಿದ್ದ ಗುಟ್ಟನ್ನು ಹೇಳಿದೆ. ನನ್ನ ಸೇವಾಪುಸ್ತಕದಲ್ಲಿರುವ ಜನ್ಮದಿನವೂ ಜೂನ್ ಒಂದೇ. ಸೇಡಂನ ಮಾಸ್ತರರೊಬ್ಬರು ನನ್ನ ಕೈಯನ್ನೂ ಕಿವಿಗೆ ಮುಟ್ಟಿಸಿದ್ದರು. ಅರಸರ ಸೋಮವಾರ ಮಂಗಳವಾರಗಳನ್ನು ಸರಿಪಡಿಸಿದ ನಾನು, ಸುಳ್ಳು ತಾರೀಖಿನ ಮೇಲೆ ನೌಕರಿ ಮಾಡಿ, ಅದರ ಪ್ರಕಾರವೇ ಮೇ ತಿಂಗಳ ಕೊನೆಯ ದಿನ ಹಾರ ಹಾಕಿಸಿಕೊಂಡು ಮನೆಗೆ ಬಂದವನು. ನನ್ನ ತಾಯಿ ಇರುವವರೆಗೆ ಕೇಳಲು ಹೊಳೆಯಲಿಲ್ಲ.

“ಅಂದ್ರ ನಿಮ್ಮ ಹೆಸರಿನ ಮುಂದೂ ಒಂದು ಪ್ರಶ್ನಿ ಹಾಕ್ರಿ,” ಎಂದಳು ಭಾಗಮ್ಮ, ಬೂಟು ಎತ್ತಿಕೊಳ್ಳುತ್ತ.

ಮರುದಿನ ಬೆಳಿಗ್ಗೆ ಕಲ್ಲು ಆರಿಸುವ ಸಾಲಿನಲ್ಲಿ ಅಂತರಗಳು ಸರಿಯಾಗಿದ್ದವು. ಆಯ್ಕೆಯ ಆಟ ಶುರುವಾದ ಮೇಲೆ ಮೊದಲ ಎರಡು ಸರದಿಯಲ್ಲಿ ಭಾಗಮ್ಮನ ಕಾಲು ಮಾತು ಕೇಳಲಿಲ್ಲ. ಒಂದು ಸಲ ನಡುವಿನ ಗೆರೆ ದಾಟಿ ತಪ್ಪು ಮಾಡಿದಳು. ಮೇಡಂ ಹಾಳೆಯ ಮೇಲೆ ಏನೋ ಬರೆದರು. ನನ್ನ ಅಂಗೈಯಲ್ಲಿ ಗಡಿಯಾರ ಬೆವರಿತು. ಮೂರನೆಯ ಸರದಿಯಲ್ಲಿ ಓಡುತ್ತಿದ್ದವಳು ರೇಷ್ಮಾ. ಕಂಬದ ಸುತ್ತ ಗಾಳಿಯಂತೆ ತಿರುಗಿ, ಬೆನ್ನಟ್ಟಿದವಳನ್ನು ಎರಡು ಸಲ ಏಮಾರಿಸಿ, ಮೂರನೆಯ ಸಲ ತಪ್ಪಿಸಿಕೊಂಡು ನಗಲು ಬಾಯಿ ತೆರೆದಿದ್ದಳು. ಭಾಗಮ್ಮನ ಬೆನ್ನಿಗೆ ಖೋ ಬಿತ್ತು. ಆಕೆ ಎದ್ದದ್ದು ಕಾಣಲಿಲ್ಲ. ಕಂಬದ ಬಳಿ ಇದ್ದದ್ದು ಕಂಡಿತು. ಎಡಗೈ ಕಂಬದ ಮೇಲೆ, ಮೈ ನೆಲಕ್ಕೆ ಸಮನಾಗಿ ಗಾಳಿಯಲ್ಲಿ, ಬಲಗೈಯ ನಡುಬೆರಳು ರೇಷ್ಮಾಳ ಹಿಮ್ಮಡಿಯ ಮೇಲೆ. ರೇಷ್ಮಾ ಎರಡು ಹೆಜ್ಜೆ ಓಡಿ, ನಿಂತು, ಬಗ್ಗಿ ತನ್ನ ಹಿಮ್ಮಡಿಯನ್ನೇ ನೋಡಿಕೊಂಡಳು. “ಕಲಬುರ್ಗಿಯಿಂದ ಇಷ್ಟು ಬೇಗ ಹ್ಯಾಂಗ ಬಂದೆ?” ಎಂದಳು. ದಂಡೋತಿಯ ಸುದ್ದಿ ರಾತ್ರಿಯೊಳಗೆ ಎಲ್ಲರಿಗೂ ತಲುಪಿತ್ತು.

ಆ ಸರದಿಯ ಸಮಯವನ್ನು ನಾನು ಬರೆಯಲಿಲ್ಲ. ಗಡಿಯಾರ ಒತ್ತುವುದನ್ನೇ ಮರೆತಿದ್ದೆ.

ಮೇಡಂ ಹನ್ನೆರಡು ಹೆಸರುಗಳನ್ನು ಓದಿದರು. ಏಳನೆಯದು ಭಾಗಮ್ಮನದು. ಆಯ್ಕೆಯಾಗದವರು ಅತ್ತರು, ಆಯ್ಕೆಯಾದವರು ಅವರನ್ನು ತಬ್ಬಿಕೊಂಡು ಅವರಿಗಿಂತ ಹೆಚ್ಚು ಅತ್ತರು. ಎಲ್ಲ ತಣ್ಣಗಾದ ಮೇಲೆ ನಾನು ಸಂಕೋಚದಿಂದ ನೋಟ್‌ಬುಕ್ಕಿನ ಹೊಸ ಹಾಳೆ ತೆರೆದು ಮುಂದೆ ಹಿಡಿದೆ.

“ಏನ್ರಿ ಮತ್ತ?” ಎಂದಳು ರೇಷ್ಮಾ, ಎರಡು ಹೆಜ್ಜೆ ಹಿಂದೆ ಸರಿದು.

“ಸಹಿ ಬೇಕಾಗಿತ್ತವ್ವಾ. ಹನ್ನೆರಡೂ ಮಂದೀದು.”

“ನಮ್ದಾ? ಯಾತಕ್ಕ? ಒಪ್ಪಿಗಿ ಪತ್ರ ಏನು?”

“ಅಲ್ಲ. ನಾಳಿ ನೀವು ದೊಡ್ಡ ಮೈದಾನದಾಗ ಆಡೂಮುಂದ, ಇವರು ಸಣ್ಣವರಿದ್ದಾಗ ನಾ ನೋಡೀನಿ ಅಂತ ಮಂದಿಗಿ ತೋರಸಾಕ.”

ಅರ್ಜಿಗೆ, ವಿದ್ಯಾರ್ಥಿವೇತನದ ಫಾರಮ್ಮಿಗೆ, ಹಾಜರಿಗೆ ಬಿಟ್ಟರೆ ಅವರ ಸಹಿಯನ್ನು ಯಾರೂ ಕೇಳಿರಲಿಲ್ಲ. ಭಾಗಮ್ಮ ಅಂಗೈಯನ್ನು ಎರಡು ಸಲ ಸಲವಾರಿಗೆ ಒರೆಸಿಕೊಂಡು ಪೆನ್ನು ತೆಗೆದುಕೊಂಡಳು.

“ತಾರೀಖು ಹಾಕಬೇಕ್ರಿ?”

“ಹಾಕಬೇಕವ್ವಾ. ತಾರೀಖಿಲ್ಲದ ಕಾಗದ ನನಗ ಉಪಯೋಗಿಲ್ಲ.”

ಆಕೆ ನಿಧಾನವಾಗಿ ಸಹಿ ಮಾಡಿದಳು, ಏನೋ ಬರೆದಳು, ನನಗೆ ಕಾಣದಂತೆ ಅಂಗೈ ಮುಚ್ಚಿ ನೋಟ್‌ಬುಕ್ಕನ್ನು ರೇಷ್ಮಾಳಿಗೆ ದಾಟಿಸಿದಳು. ರೇಷ್ಮಾ ಕಿಸಕ್ಕೆಂದು ನಕ್ಕು ಬರೆದಳು. ಹನ್ನೆರಡು ಕೈ ದಾಟಿ ಅದು ನನ್ನ ಬಳಿ ಬಂದಾಗ, ಮೇ ತಿಂಗಳ ಆ ಬೆಳಿಗ್ಗೆ, ಎಲ್ಲರ ಸಹಿಯ ಪಕ್ಕದಲ್ಲೂ ‘ಜೂನ್ ೧’ ಎಂದಿತ್ತು. ಆಸ್ಪತ್ರೆಯಲ್ಲಿ ಹುಟ್ಟಿ, ಸರಿಯಾದ ಪ್ರಮಾಣಪತ್ರವಿದ್ದ ಸೇಡಂನ ಹುಡುಗಿ ಕೂಡ ಅದನ್ನೇ ಬರೆದಿದ್ದಳು. ನಾನು ಬಾಯಿ ತೆರೆದೆ.

“ಇನ್ನ ಎಷ್ಟು ಸಾಕ್ಷಿ ಬೇಕ್ರಿ ಮುತ್ಯಾ?” ಎಂದಳು ಭಾಗಮ್ಮ. “ಹನ್ನೆರಡು ಮಂದಿ ಬರದೀವಿ.”

ಸರ ಎನ್ನುತ್ತಿದ್ದವಳು ಸ್ವಂತ ಅಜ್ಜನನ್ನು ಕರೆಯುವಂತೆ ಮುತ್ಯಾ ಎಂದಳು. ಬಾಯಿ ಮುಚ್ಚಿಕೊಂಡೆ. ಆಕೆ ಪೆನ್ನು ಮತ್ತೆ ತೆಗೆದುಕೊಂಡು ಕೆಳಗೆ ಒಂದು ಗೆರೆ ಎಳೆದಳು. “ಇದು ನಿಮ್ದು. ನೀವೂ ನಮ್ಮ ಟೆಂಪೋದಾಗೇ ಬಂದೀರಲ್ಲ.”

ಅಂದು ನಾನು ಪೆನ್ನು ಎತ್ತಿದ್ದು ನಿಜ. ಕೈ ಮಾತ್ರ ಮುಂದೆ ಸರಿಯಲಿಲ್ಲ. ಗೊತ್ತಿದ್ದೂ ತಪ್ಪು ತಾರೀಖನ್ನು ನಾನು ಈ ಜನ್ಮದಲ್ಲಿ ಬರೆದವನಲ್ಲ. ಮನೆಗೆ ಹೋಗಿ ಹಾಕುತ್ತೇನೆಂದು ಹೇಳಿ ಬಂದೆ. ಹೀಗೆ ಆ ಗೆರೆ ಖಾಲಿ ಉಳಿಯಿತು.

ಕಥೆ ಕೇಳಿ ಮುಗಿಸಿದ ಹೆಂಡತಿ ಹಾಳೆಯನ್ನು ನನ್ನ ಮೇಜಿನ ಮೇಲಿಟ್ಟು, ಮೇಲೊಂದು ಪೆನ್ನು ಇಟ್ಟಳು. “ಬೀದರಿಗಿ ಹೋಗಿದ್ದು ನಾ ಯಾರಿಗೂ ಹೇಳಂಗಿಲ್ಲ. ಹಾಕ್ರಿ,” ಎಂದು ಒಳಗೆ ಹೋದಳು.

ಹದಿಮೂರನೆಯ ಗೆರೆಯ ಮೇಲೆ ಸಹಿ ಮಾಡಿದೆ. ಪಕ್ಕದಲ್ಲಿ, ಪೆನ್ಸಿಲಿನಿಂದಲ್ಲ, ಶಾಯಿಯಲ್ಲಿ, ಪ್ರಶ್ನೆಯ ಗುರುತಿಲ್ಲದೆ ಬರೆದೆ: ಜೂನ್ ೧.